ಸಿಸೇರಿಯನ್ ನೋವಿಗೆ ಮಸಾಜ್: ಕೈ ಇಡಬೇಕಾದದ್ದು ಹೊಟ್ಟೆ ಮೇಲಲ್ಲ

ಓದುಗರ ಪ್ರಶ್ನೆ: ಸಿಸೇರಿಯನ್ ಆಗಿ ಇವತ್ತಿಗೆ ಮೂರು ದಿನ. ಎದ್ದು ಕೂರುವಾಗ ಹೊಲಿಗೆ ಜಗ್ಗಿದ ಹಾಗಾಗುತ್ತೆ. ಮಗುವಿಗೆ ಹಾಲು ಕುಡಿಸ್ತಿದ್ದೀನಿ, ಅದಕ್ಕೇ ನೋವಿನ ಮಾತ್ರೆ ನುಂಗೋಕೆ ಭಯ. ಮಾತ್ರೆ ಬದಲು ಮಸಾಜ್ ಮಾಡಿಸಿಕೊಂಡ್ರೆ ಆಗುತ್ತಾ? ಹೊಲಿಗೆ ಇರುವಾಗ ಮಾಡಿಸಬಹುದಾ?

ಉತ್ತರ: ಮಾಡಿಸಬಹುದು. ನೋವು ಒಂದಿಷ್ಟು ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಆದರೆ ಸದ್ಯಕ್ಕೆ ಹೊಟ್ಟೆಯನ್ನು ಯಾರೂ ಮುಟ್ಟುವುದು ಬೇಡ. ಪಾದ, ಅಂಗೈ, ಭುಜ ಇಷ್ಟು ಸಾಕು.

ಹೊರಗೆ ಕಾಣುವುದು ಒಂದು ಗೆರೆ ಮಾತ್ರ. ಒಳಗೆ ಚರ್ಮ, ಕೊಬ್ಬು, ಸ್ನಾಯುವಿನ ಮೇಲಿನ ಗಟ್ಟಿ ಪೊರೆ, ಹೊಟ್ಟೆಯ ಒಳಪೊರೆ, ಗರ್ಭಕೋಶ ಎಲ್ಲವನ್ನೂ ಒಂದರ ಕೆಳಗೊಂದು ಕೊಯ್ದಿರುತ್ತಾರೆ. ಮೂರು ದಿನಕ್ಕೆ ಅದು ಹಸಿ ಗಾಯವೇ. ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಡಲೇ ನರ್ಸ್ ಹೊಟ್ಟೆ ಒತ್ತಿದ್ದರಲ್ಲ, ಅದು ಬೇರೆ ವಿಷಯ. ಗರ್ಭಕೋಶ ಗಟ್ಟಿಯಾಗಿ ರಕ್ತಸ್ರಾವ ಹಿಡಿತಕ್ಕೆ ಬರಲಿ ಅಂತ ಮಾಡುವುದದು. ಅದನ್ನು ನೋಡಿ ಮನೆಯಲ್ಲಿ ಯಾರೂ ಪ್ರಯೋಗ ಮಾಡಬಾರದು.

ಸರಿ, ಪಾದ ಒತ್ತಿದರೆ ಹೊಟ್ಟೆಯ ನೋವು ಯಾಕೆ ಇಳಿಯಬೇಕು? ಮೊಣಕೈ ಬಾಗಿಲಿಗೆ ತಗುಲಿದರೆ ನಾವು ಯೋಚನೆ ಮಾಡದೆ ಆ ಜಾಗ ಉಜ್ಜಿಕೊಳ್ಳುತ್ತೇವೆ, ಅಲ್ವಾ? ಉಜ್ಜಿದ ಸ್ಪರ್ಶ ಬೆನ್ನುಹುರಿಯಲ್ಲೇ ನೋವಿನ ಸುದ್ದಿಗೆ ಬಾಗಿಲು ಸ್ವಲ್ಪ ಮುಚ್ಚುತ್ತದೆ ಎಂದು 1965ರಲ್ಲಿ ನೋವಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಹೇಳಿದ್ದರು. ಮಸಾಜ್ ಬಗ್ಗೆ ಬರೆಯುವವರೆಲ್ಲ ಇದನ್ನೇ ಹೇಳಿ ಮುಗಿಸುತ್ತಾರೆ. ನನಗೆ ಅದು ಅರ್ಧ ಉತ್ತರ ಅನಿಸುತ್ತದೆ. ಗಾಯ ಹೊಟ್ಟೆಯಲ್ಲಿ, ಉಜ್ಜುತ್ತಿರುವುದು ಕಾಲನ್ನು!

ಉಳಿದರ್ಧಕ್ಕೆ ನೋವಿರುವ ತಾಯಿ ಮಲಗಿರುವ ರೀತಿ ನೋಡಿ. ಭುಜ ಕಿವಿಯ ಹತ್ತಿರ ಬಂದಿರುತ್ತದೆ. ತೊಡೆ ಬಿಗಿ, ಹೊಟ್ಟೆ ಬಿಗಿ, ಉಸಿರು ಎದೆಯ ಮೇಲ್ಭಾಗದಲ್ಲೇ. ಆ ಬಿಗಿತವೇ ಹೊಲಿಗೆಯನ್ನು ಮತ್ತೆ ಜಗ್ಗುತ್ತದೆ. ಪಾದ ನೀವುತ್ತಾ ಹೋದರೆ ಮೊದಲು ಉಸಿರು ನಿಧಾನವಾಗುತ್ತದೆ, ಆಮೇಲೆ ಮೈ ಸಡಿಲವಾಗುತ್ತದೆ. ಚರ್ಮದಲ್ಲಿ ನಿಧಾನದ ಸ್ಪರ್ಶಕ್ಕೇ ಸ್ಪಂದಿಸುವ ನರಗಳೂ ಇವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಸವರಿದರೆ ಅವಕ್ಕೆ ಇಷ್ಟ. ಗಡಿಬಿಡಿಯಲ್ಲಿ ತಿಕ್ಕಿದರೆ ಆ ಹಿತ ಸಿಗುವುದಿಲ್ಲ.

ಸಿಸೇರಿಯನ್ ತಾಯಂದಿರ ಮೇಲೆ ನಡೆದ ಅಧ್ಯಯನಗಳಲ್ಲಿ ಹಲವು ಕೈಕಾಲಿನ ಮಸಾಜ್ ಬಗ್ಗೆಯೇ ಇವೆ. ಒಂದೊಂದು ಕೈಗೆ, ಒಂದೊಂದು ಪಾದಕ್ಕೆ 5 ನಿಮಿಷ, ಒಟ್ಟು 20 ನಿಮಿಷ. ನೋವು ಕಡಿಮೆಯಾಯಿತು ಎಂದೇ ಅವು ಹೇಳುತ್ತವೆ. ಆದರೆ ಬಹುತೇಕ ಸಣ್ಣ ಅಧ್ಯಯನಗಳು. ಮಸಾಜ್ ಆಗುತ್ತಿದೆ ಅಂತ ತಾಯಿಗೆ ಗೊತ್ತಾಗದ ಹಾಗೆ ಮಾಡುವುದೂ ಸಾಧ್ಯವಿಲ್ಲವಲ್ಲ, ಆ ನಂಬಿಕೆಯಿಂದಲೇ ನೋವು ಕಡಿಮೆ ಅನಿಸಿರಲೂಬಹುದು. ಹಾಗಾಗಿ ಜಾಸ್ತಿ ನಿರೀಕ್ಷೆ ಬೇಡ.

ಮಾಡುವವರು ಕೈ ತೊಳೆದು ಬೆಚ್ಚಗೆ ಮಾಡಿಕೊಳ್ಳಲಿ. ನೀವು ದಿಂಬಿಗೆ ಒರಗಿ, ಮೊಣಕಾಲ ಕೆಳಗೂ ಒಂದು ದಿಂಬು ಇಟ್ಟುಕೊಳ್ಳಿ, ಹೊಟ್ಟೆ ಸಡಿಲವಾಗುತ್ತದೆ. ಒಂದು ಕೈಯಲ್ಲಿ ಹಿಮ್ಮಡಿ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳನ್ನು ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಮೆಲ್ಲಗೆ ಎಳೆಯಬೇಕು. ಆಮೇಲೆ ಒಂದೊಂದೇ ಬೆರಳು. ಅಂಗೈಯಲ್ಲಿ ಹೆಬ್ಬೆರಳ ಬುಡದ ದಪ್ಪ ಭಾಗಕ್ಕೆ ಜಾಸ್ತಿ ಹೊತ್ತು ಕೊಡಲಿ. ಹಾಲು ಕುಡಿಸಲು ಬಗ್ಗಿ ಬಗ್ಗಿ ಹಿಡಿದುಕೊಂಡ ಭುಜಕ್ಕೆ ಮಗ್ಗುಲಾಗಿ ಮಲಗಿ ಮಾಡಿಸಿಕೊಳ್ಳಿ. ಎಣ್ಣೆ ಹಚ್ಚಿದ್ದರೆ ಅಂಗಾಲನ್ನು ಚೆನ್ನಾಗಿ ಒರೆಸದೆ ಕೆಳಗೆ ಕಾಲಿಡಬೇಡಿ. ಈ ವಾರದಲ್ಲಿ ಜಾರಿ ಬೀಳುವುದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

ಒಂದು ಕಡೆ ಮಾತ್ರ ನಾನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಹೆರಿಗೆಯಾದ ಮೊದಲ ಆರು ವಾರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು, ಸಿಸೇರಿಯನ್ ಆಗಿದ್ದರೆ ಇನ್ನೂ ಹೆಚ್ಚು. ಒಂದು ಕಾಲು ಮಾತ್ರ ಊದಿಕೊಂಡಿದ್ದರೆ, ಮೀನಖಂಡ ಬಿಸಿಯಾಗಿ ಕೆಂಪಾಗಿ ನೋಯುತ್ತಿದ್ದರೆ ಅದು ಸುಸ್ತಿನ ನೋವು ಅಂದುಕೊಂಡು ತಿಕ್ಕಿಸಬೇಡಿ. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಅವತ್ತೇ ಡಾಕ್ಟರಿಗೆ ತೋರಿಸಿ. ಉಸಿರಾಟಕ್ಕೆ ಕಷ್ಟವಾದರೆ, ಎದೆ ನೋವು ಬಂದರೆ ಒಂದು ನಿಮಿಷವೂ ಕಾಯಬೇಡಿ. ಜ್ವರ ಬಂದರೆ ಅಥವಾ ಗಾಯದಿಂದ ಕೀವು ಒಸರಿದರೆ ಅದಕ್ಕೂ ಮಸಾಜ್ ಮದ್ದಲ್ಲ.

ಇನ್ನು ಮಾತ್ರೆಯ ಭಯ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಹಾಲಿಗೆ ಸೇರುವುದು ತೀರಾ ಕಡಿಮೆ. ಹಾಲುಣಿಸುವ ತಾಯಂದಿರಿಗೆ ಸಾಮಾನ್ಯವಾಗಿ ಕೊಡುವುದೇ ಅವನ್ನು. ಕೋಡೀನ್ ಇರುವ ಮಾತ್ರೆ ಮಾತ್ರ ಹಾಲುಣಿಸುವಾಗ ಬೇಡ ಅನ್ನುತ್ತಾರೆ. ನಿಮಗೆ ಬರೆದುಕೊಟ್ಟದ್ದು ಯಾವುದು ಅಂತ ಡಾಕ್ಟರನ್ನೇ ಕೇಳಿ. ನೋವು ತಡೆದುಕೊಂಡು ಮಲಗಿಬಿಟ್ಟರೆ ಓಡಾಟ ನಿಲ್ಲುತ್ತದೆ, ಓಡಾಟ ನಿಂತರೆ ಆಗಲೇ ಹೇಳಿದ ಹೆಪ್ಪಿನ ಅಪಾಯ ಏರುತ್ತದೆ. ಅದಕ್ಕೇ ಹೇಳುವುದು, ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗಿ. ಅದರ ಜೋರು ಇಳಿದು ಮುಂದಿನದಕ್ಕೆ ಇನ್ನೂ ಹೊತ್ತಿರುತ್ತದಲ್ಲ, ಆಗ ಮಸಾಜ್ ಮಾಡಿಸಿಕೊಳ್ಳಿ.

ಗಾಯದ ಕಲೆಗೂ ಮಸಾಜ್ ಇದೆ, ಆದರೆ ಅದಕ್ಕೆ ಸುಮಾರು ಆರು ವಾರ ಕಾಯಬೇಕು. ಗಾಯ ಪೂರ್ತಿ ಮುಚ್ಚಿ, ಡಾಕ್ಟರು ನೋಡಿ ಹೂಂ ಅಂದ ಮೇಲೆ ನಿಮ್ಮ ಬೆರಳಿನಿಂದಲೇ ಶುರು ಮಾಡಿ. ಗೆರೆಯ ಸುತ್ತ ಮುಟ್ಟಿದರೂ ಮುಟ್ಟಿದ ಹಾಗೆ ಅನಿಸದಿದ್ದರೆ ಗಾಬರಿಯಾಗಬೇಡಿ. ಕೊಯ್ಯುವಾಗ ಚರ್ಮದ ಸಣ್ಣ ನರಗಳೂ ತುಂಡಾಗಿರುತ್ತವೆ. ಅವು ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕು.