ಆರೈಕೆಯ ಹಣ ಆರೈಕೆ ಪಡೆಯುವವರ ಕೈಗೆ ಬಂದ ಬಗೆ

ಬ್ರಿಟನ್ನಿನಲ್ಲಿ ಆಸ್ಪತ್ರೆಯ ಚಿಕಿತ್ಸೆ ಉಚಿತ. ಆದರೆ ಕೈಕಾಲು ಸ್ವಾಧೀನದಲ್ಲಿಲ್ಲದವರಿಗೆ ಸ್ನಾನ ಮಾಡಿಸುವುದು, ಬಟ್ಟೆ ಹಾಕುವುದು, ಊಟ ಮಾಡಿಸುವುದು ಚಿಕಿತ್ಸೆಯ ಲೆಕ್ಕಕ್ಕೆ ಬರುವುದಿಲ್ಲ. ಅದು ಸಾಮಾಜಿಕ ಆರೈಕೆ, ಅದರ ಹೊಣೆ ಸ್ಥಳೀಯ ಕೌನ್ಸಿಲ್‌ಗಳದು. ಈ ಗೆರೆ ಬಿದ್ದದ್ದು 1948ರಲ್ಲಿ. ಆ ವರ್ಷದ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾಯಿತು. ಅದೇ ದಿನ ರಾಷ್ಟ್ರೀಯ ನೆರವು ಕಾಯ್ದೆಯೂ ಜಾರಿಗೆ ಬಂದು, ಹಳೆಯ ಬಡವರ ಕಾನೂನಿಗೆ ತೆರೆ ಎಳೆಯಿತು. ಕಾಯ್ದೆಯ 29ನೇ ಸೆಕ್ಷನ್ ಅಂಗವಿಕಲರಿಗೆ ಸೇವೆ ಒದಗಿಸುವ ಅಧಿಕಾರವನ್ನು ಕೌನ್ಸಿಲ್‌ಗಳಿಗೆ ಕೊಟ್ಟಿತಾದರೂ, ಸೇವೆಯ ಬದಲು ಹಣವನ್ನೇ ಅವರ ಕೈಗೆ ಕೊಡಬಾರದೆಂದು ಅದೇ ಉಸಿರಿನಲ್ಲಿ ವಿಧಿಸಿತು. ಮುಂದಿನ ಅರ್ಧ ಶತಮಾನದ ಜಗಳವೆಲ್ಲ ಈ ಒಂದು ನಿಷೇಧದ ಸುತ್ತಲೇ ನಡೆಯಿತೆನ್ನಬಹುದು.

ಆ ಜಗಳದ ತವರು ಹ್ಯಾಂಪ್‌ಶೈರ್‌ನ ಲೆ ಕೋರ್ಟ್ ಎಂಬ ಅಂಗವಿಕಲರ ಆಶ್ರಯಧಾಮ. ಅದು ಲಿಯೊನಾರ್ಡ್ ಚೆಷೈರ್ ಕಟ್ಟಿದ ಸಂಸ್ಥೆಗೆ ಸೇರಿದ್ದು. ಬೆಂಗಳೂರಿನ ಚೆಷೈರ್ ಹೋಮ್ ಬಲ್ಲವರಿಗೆ ಈ ಹೆಸರು ಹೊಸದಲ್ಲ. ಲೆ ಕೋರ್ಟ್‌ನಲ್ಲಿ ಹಿಂದೆ ವಾಸವಾಗಿದ್ದ ಪಾಲ್ ಹಂಟ್ 1972ರಲ್ಲಿ ಗಾರ್ಡಿಯನ್ ಪತ್ರಿಕೆಗೆ ಪತ್ರ ಬರೆದು, ಇಂಥ ಸಂಸ್ಥೆಗಳಲ್ಲಿ ಬದುಕುವವರು ಒಗ್ಗೂಡಬೇಕೆಂದು ಕರೆ ಕೊಟ್ಟಿದ್ದರು. 1979ರಲ್ಲಿ ಅಲ್ಲಿನ ಕೆಲವು ನಿವಾಸಿಗಳು, ಜಾನ್ ಇವಾನ್ಸ್ ಅವರಲ್ಲೊಬ್ಬರು, ‘ಪ್ರಾಜೆಕ್ಟ್ 81’ ಎಂಬ ಗುಂಪು ಕಟ್ಟಿದರು. 1981 ವಿಶ್ವಸಂಸ್ಥೆಯ ಅಂಗವಿಕಲರ ವರ್ಷವಾಗಿದ್ದರಿಂದ ಆ ಹೆಸರು. ಅವರ ವಾದ ಸರಳವಾಗಿತ್ತು: ನಮ್ಮನ್ನು ಇಲ್ಲಿ ಇರಿಸಿಕೊಳ್ಳಲು ಕೌನ್ಸಿಲ್ ಹೇಗೂ ಹಣ ಕಟ್ಟುತ್ತಿದೆ, ಅದೇ ಹಣ ನಮಗೆ ಸಿಕ್ಕರೆ ನಮ್ಮ ಮನೆಯಲ್ಲಿದ್ದು, ನಮಗೆ ಬೇಕಾದ ಸಹಾಯಕರನ್ನು ನಾವೇ ನೇಮಿಸಿಕೊಳ್ಳುತ್ತೇವೆ. ಕಾನೂನು ಅಡ್ಡ ಬಂದಾಗ ಕಂಡುಕೊಂಡ ಉಪಾಯ ಜಾಣತನದ್ದು. ಕೌನ್ಸಿಲ್ ಎಂದಿನಂತೆ ಸಂಸ್ಥೆಗೇ ಹಣ ಕಟ್ಟುವುದು, ಸಂಸ್ಥೆ ಅದನ್ನು ಹೊರಗೆ ಹೋದ ನಿವಾಸಿಗೆ ದಾಟಿಸುವುದು. ಹಣ ಬಳಸು ದಾರಿಯಲ್ಲಿ ಬಂದರೂ, ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳಬೇಕು, ರಾತ್ರಿ ಯಾವಾಗ ಮಲಗಬೇಕು ಎಂಬುದನ್ನು ಸಿಬ್ಬಂದಿಯ ಪಾಳಿ ತೀರ್ಮಾನಿಸುವುದು ತಪ್ಪಿತು. ಇವಾನ್ಸ್ 1983ರಲ್ಲಿ ಸ್ವಂತ ಮನೆಗೆ ಹೋದರು.

1988ರಲ್ಲಿ ಕೇಂದ್ರ ಸರ್ಕಾರವೇ ಅಂಗವಿಕಲರ ಕೈಗೆ ಹಣ ಕೊಡುವ ‘ಇಂಡಿಪೆಂಡೆಂಟ್ ಲಿವಿಂಗ್ ಫಂಡ್’ ಎಂಬ ನಿಧಿ ತೆರೆಯಿತು. ಅರ್ಜಿಗಳ ಸಂಖ್ಯೆ ಅಂದಾಜನ್ನೆಲ್ಲ ಮೀರಿ ಬೆಳೆಯಿತು. ಒಂದು ಕಡೆ ಕೌನ್ಸಿಲ್‌ಗಳು ಹಣ ಕೊಡುವುದು ನಿಷಿದ್ಧ, ಇನ್ನೊಂದು ಕಡೆ ಸರ್ಕಾರದ ನಿಧಿ ಅದನ್ನೇ ಮಾಡುತ್ತಿದೆ ಎಂಬ ವಿಚಿತ್ರ ಬಹಳ ಕಾಲ ನಿಲ್ಲುವಂತಿರಲಿಲ್ಲ. 1996ರ ನೇರ ಪಾವತಿ ಕಾಯ್ದೆ ನಿಷೇಧವನ್ನು ತೆಗೆದುಹಾಕಿ 1997ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಆದರೂ ಕೊಡುವುದು ಬಿಡುವುದು ಕೌನ್ಸಿಲ್‌ನ ಮರ್ಜಿಯಾಗಿತ್ತು. 65 ದಾಟಿದವರಿಗೆ, ಅಂದರೆ ಆರೈಕೆ ಹೆಚ್ಚು ಬೇಕಾದವರಿಗೇ, ಅವಕಾಶ ಇರಲಿಲ್ಲ. ವಯಸ್ಸಿನ ಮಿತಿ 2000ದಲ್ಲಿ ಹೋಯಿತು. ಇಂಗ್ಲೆಂಡಿನಲ್ಲಿ ಅರ್ಹರಿಗೆ ನೇರ ಪಾವತಿ ಕೊಡುವುದು 2003ರಲ್ಲಿ ಕೌನ್ಸಿಲ್‌ಗಳ ಕರ್ತವ್ಯವಾಯಿತು.

ಹಣ ಕೈಗೆ ಬಂದರೆ ಎಲ್ಲ ಸರಿಹೋಗುತ್ತದೆಂಬ ಉತ್ಸಾಹಕ್ಕೆ ಮೊದಲ ಪೆಟ್ಟು ಬಿದ್ದದ್ದು 13 ಕೌನ್ಸಿಲ್‌ಗಳಲ್ಲಿ ನಡೆದ ವೈಯಕ್ತಿಕ ಬಜೆಟ್ ಪ್ರಯೋಗದಲ್ಲಿ, ಅಂದರೆ ಒಬ್ಬೊಬ್ಬರ ಆರೈಕೆಗೂ ಎಷ್ಟು ಹಣವೆಂದು ಮೊದಲೇ ತಿಳಿಸಿ ಅದರ ಬಳಕೆಯಲ್ಲಿ ಅವರಿಗೆ ಆಯ್ಕೆ ಕೊಡುವ ಪ್ರಯೋಗದಲ್ಲಿ. 2008ರಲ್ಲಿ ಹೊರಬಂದ ಅದರ ಮೌಲ್ಯಮಾಪನದ ಪ್ರಕಾರ ಕಿರಿಯ ವಯಸ್ಸಿನ ಅಂಗವಿಕಲರಿಗೆ ಪ್ರಯೋಜನವಾಗಿತ್ತು. ವೃದ್ಧರ ಮನಸ್ಸಿನ ನೆಮ್ಮದಿ ಮಾತ್ರ ಹಳೆಯ ಪದ್ಧತಿಯಲ್ಲಿದ್ದವರಿಗಿಂತ ಕಡಿಮೆಯಿತ್ತು. ಇದರಲ್ಲಿ ಅಚ್ಚರಿಪಡುವಂಥದ್ದೇನಿಲ್ಲ. ನೇರ ಪಾವತಿ ಪಡೆದು ಸಹಾಯಕರನ್ನು ನೇಮಿಸಿಕೊಂಡವರು ಕಾನೂನಿನ ಕಣ್ಣಲ್ಲಿ ಮಾಲೀಕರಾಗುತ್ತಾರೆ. ಸಂಬಳದ ಚೀಟಿ, ತೆರಿಗೆ, ರಜೆಯ ಲೆಕ್ಕ, ವಿಮೆ ಎಲ್ಲವೂ ಅವರ ತಲೆಗೇ. ಖರ್ಚಿನ ವಿವರವನ್ನು ಕೌನ್ಸಿಲ್‌ಗೂ ಒಪ್ಪಿಸಬೇಕು. ಎಂಬತ್ತು ದಾಟಿ, ಈಗಷ್ಟೇ ಬಿದ್ದು ಸೊಂಟ ಮುರಿದುಕೊಂಡವರು ಬಯಸುವುದು ಇದನ್ನಲ್ಲ.

ಈ ತೊಡಕನ್ನು ಸ್ವಲ್ಪವಾದರೂ ಬಿಡಿಸಿದ್ದು ಸ್ಕಾಟ್ಲೆಂಡ್ ಎಂಬುದು ನನ್ನ ಅಭಿಪ್ರಾಯ. ಅಲ್ಲಿನ 2013ರ ಕಾಯ್ದೆ 2014ರ ಏಪ್ರಿಲ್ 1ರಿಂದ ನಾಲ್ಕು ದಾರಿಗಳನ್ನು ಮುಂದಿಡುತ್ತದೆ. ಹಣವನ್ನು ಕೈಗೇ ಪಡೆಯಬಹುದು. ಹಣ ಕೌನ್ಸಿಲ್ ಬಳಿಯೋ ಬೇರೊಂದು ಸಂಸ್ಥೆಯ ಬಳಿಯೋ ಇದ್ದು, ಅದು ಹೇಗೆ ಖರ್ಚಾಗಬೇಕೆಂದು ಮಾತ್ರ ತಾವು ಹೇಳಬಹುದು. ಎಲ್ಲವನ್ನೂ ಕೌನ್ಸಿಲ್‌ಗೇ ಬಿಡಬಹುದು. ಅಥವಾ ಇವನ್ನು ಬೆರೆಸಿಕೊಳ್ಳಬಹುದು. ಎರಡನೆಯದು ಮಾಲೀಕತನದ ರಗಳೆಯಿಲ್ಲದೆ ತೀರ್ಮಾನದ ಹಕ್ಕನ್ನು ಉಳಿಸಿಕೊಡುತ್ತದೆ.

ಮೊತ್ತ ಸಾಕಾಗದಿದ್ದರೆ ದಾರಿ ಎಷ್ಟಿದ್ದರೇನು ಎಂಬ ಆಕ್ಷೇಪ ಮಾತ್ರ ಹಾಗೇ ಉಳಿದಿದೆ. ಮೇಲೆ ಹೇಳಿದ ಫಂಡ್ 2015ರ ಜೂನ್ 30ರಂದು ಮುಚ್ಚಿತು. ಅದರ ಫಲಾನುಭವಿಗಳ ಹೊಣೆ ಇಂಗ್ಲೆಂಡಿನಲ್ಲಿ ಕೌನ್ಸಿಲ್‌ಗಳ ಮೇಲೆ ಬಿದ್ದರೆ, ಸ್ಕಾಟ್ಲೆಂಡ್ ತನ್ನದೇ ನಿಧಿಯಲ್ಲಿ ಅವರನ್ನು ಉಳಿಸಿಕೊಂಡಿತು. ಇಂಗ್ಲೆಂಡಿನಲ್ಲಿ 23,250 ಪೌಂಡಿಗಿಂತ ಹೆಚ್ಚು ಉಳಿತಾಯವಿದ್ದವರು ಆರೈಕೆಯ ಖರ್ಚನ್ನು ತಾವೇ ಭರಿಸಬೇಕೆಂಬ ಮಿತಿ 2010ರಿಂದ ಕದಲಿಲ್ಲ. ಸ್ಕಾಟ್ಲೆಂಡ್ 2002ರಿಂದಲೇ 65 ದಾಟಿದವರ ವೈಯಕ್ತಿಕ ಆರೈಕೆಗೆ ಶುಲ್ಕ ವಿಧಿಸುತ್ತಿಲ್ಲ. 2019ರಲ್ಲಿ ಅದು ಕಿರಿಯರಿಗೂ ವಿಸ್ತರಿಸಿತು. ಅಲ್ಲಿಯೂ ಬಹುಪಾಲು ಜನ ಇರುವುದು ಮೂರನೆಯ ದಾರಿಯಲ್ಲೇ, ಅಂದರೆ ಎಲ್ಲವನ್ನೂ ಕೌನ್ಸಿಲ್ ಏರ್ಪಾಡು ಮಾಡುವ ದಾರಿಯಲ್ಲಿ. ಕೆಲವರಿಗೆ ಅದೇ ಹಿತ. ದೂರದ ದ್ವೀಪದ ಊರಿನಲ್ಲಿರುವವರಿಗಾದರೋ, ಹಣ ಕೈಗೆ ಬಂದರೂ ಕೆಲಸಕ್ಕೆ ಕರೆಯಲು ಸಹಾಯಕರು ಸಿಗಬೇಕಲ್ಲ.