ಐದನೇ ತರಗತಿಯ ಭಿನ್ನರಾಶಿ, ಪಿಯುಸಿಯ ಕೆಮಿಸ್ಟ್ರಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಮಕ್ಕಳನ್ನು ಪಿಯುಗೆ ಸೇರಿಸಲು ಬರುವ ಪೋಷಕರು ಮೊದಲು ಮುಂದಿಡುವುದು ಗಣಿತದ ಅಂಕವನ್ನೇ. ‘ಮ್ಯಾಥ್ಸ್‌ನಲ್ಲಿ 55 ಬಂದಿದೆ ಸರ್, ಸೈನ್ಸ್ ಆಗುತ್ತಾ?’ ಎಂದು ಕೇಳುತ್ತಾರೆ. ಮಡಿಕೇರಿಯಲ್ಲಿ ಕೆಮಿಸ್ಟ್ರಿ ಪಾಠ ಮಾಡುವ ನನಗೆ ಆ ಒಟ್ಟು ಅಂಕದಿಂದ ತಿಳಿಯುವುದು ಕಡಿಮೆ. ಐದನೇ, ಆರನೇ ತರಗತಿಯಲ್ಲಿ ಭಿನ್ನರಾಶಿ, ಭಾಗಾಕಾರ ಎಷ್ಟು ಅರ್ಥವಾಗಿತ್ತು ಎಂದು ಗೊತ್ತಾದರೆ ಇನ್ನೂ ಖಚಿತವಾಗಿ ಹೇಳಬಲ್ಲೆ.

ಹೀಗೆನ್ನಲು ಆಧಾರವಿದೆ. ಮಕ್ಕಳ ಕಲಿಕೆಯ ಸಂಶೋಧಕ ಗ್ರೆಗ್ ಡಂಕನ್ ಮತ್ತು ಸಂಗಡಿಗರು 2007ರಲ್ಲಿ ಅಮೆರಿಕ, ಬ್ರಿಟನ್, ಕೆನಡಾಗಳ 6 ದೀರ್ಘಕಾಲದ ಅಧ್ಯಯನಗಳ ಮಾಹಿತಿಯನ್ನು ಪರಿಶೀಲಿಸಿದರು. ಶಾಲೆ ಸೇರುವ ಹೊತ್ತಿಗೆ ಮಗುವಿಗಿದ್ದ ಗಣಿತ ಜ್ಞಾನವೇ ಮುಂದಿನ ಕಲಿಕೆಯ ಅತಿ ಬಲವಾದ ಸೂಚಕ ಎಂದು ಕಂಡುಬಂತು. ಓದುವ ಸಾಮರ್ಥ್ಯ, ಏಕಾಗ್ರತೆ ಅದರ ನಂತರ. 2012ರಲ್ಲಿ ಮನೋವಿಜ್ಞಾನಿ ರಾಬರ್ಟ್ ಸೀಗ್ಲರ್ ತಂಡ ಇನ್ನಷ್ಟು ಆಳಕ್ಕೆ ಹೋಯಿತು: ಸುಮಾರು 10ನೇ ವಯಸ್ಸಿನ ಭಿನ್ನರಾಶಿ, ಭಾಗಾಕಾರದ ತಿಳಿವು ಪ್ರೌಢಶಾಲೆಯ ಬೀಜಗಣಿತದ ಸಾಧನೆಯನ್ನು ಮುಂಚಿತವಾಗಿ ಸೂಚಿಸುತ್ತಿತ್ತು. ಮನೆಯ ಆದಾಯ, ಪೋಷಕರ ಓದು, ಮಗುವಿನ ಬುದ್ಧಿಮತ್ತೆ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ನಂಟು ಉಳಿಯಿತು. ವಿಜ್ಞಾನದ ಬಗ್ಗೆ ನೇರವಾಗಿ ಹೇಳುವುದು ಫಿಲಿಪ್ ಸ್ಯಾಡ್ಲರ್, ರಾಬರ್ಟ್ ಟೈ ಅವರ 2007ರ ಅಧ್ಯಯನ. ಅಮೆರಿಕದ 8,000ಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳಲ್ಲಿ, ಪ್ರೌಢಶಾಲೆಯಲ್ಲಿ ಹೆಚ್ಚು ಗಣಿತ ಓದಿದವರು ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರರಲ್ಲೂ ಮುಂದಿದ್ದರು. ‘ಡಾಕ್ಟರ್ ಆಗೋಕೆ ಗಣಿತ ಯಾಕೆ’ ಎನ್ನುವವರು ಬಯಾಲಜಿಯೂ ಆ ಪಟ್ಟಿಯಲ್ಲಿರುವುದನ್ನು ದಯವಿಟ್ಟು ಗಮನಿಸಬೇಕು.

ಕೊಡಗಿನ ತೋಟದ ಮನೆಗಳ ಮಕ್ಕಳಿಗೆ ಶಿಲೀಂಧ್ರ ರೋಗ ತಡೆಯಲು ಗಿಡಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣ ಗೊತ್ತು. ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ. 200 ಲೀಟರಿನ ಡ್ರಮ್ಮಿಗೆ ಎಷ್ಟು ಎಂದರೆ ಥಟ್ಟನೆ 2 ಕೆ.ಜಿ. ಎನ್ನುತ್ತಾರೆ. 35 ಲೀಟರಿಗೆ ಎಂದರೆ ಕೆಲವರು ನಿಲ್ಲುತ್ತಾರೆ. ಒಂದು ಲೀಟರಿಗೆ 10 ಗ್ರಾಂ ಆದರೆ 35ಕ್ಕೆ 350 ಗ್ರಾಂ ಎಂದು ‘ಒಂದಕ್ಕೆ ಎಷ್ಟು’ ಎಂಬ ದಾರಿಯಲ್ಲಿ ಹೋಗುವವರಿಗೆ ಮೋಲಾರಿಟಿ ಪಾಠ ಕಷ್ಟವಾಗುವುದಿಲ್ಲ. ಕೆಮಿಸ್ಟ್ರಿಯಲ್ಲಿ ಕಣಗಳನ್ನು ಎಣಿಸುವ ಅಳತೆ ಮೋಲ್; ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ಇದೆ ಎಂಬುದೇ ಮೋಲಾರಿಟಿ. ಮೈಲುತುತ್ತಿನ ಮೋಲಾರ್ ದ್ರವ್ಯರಾಶಿ, ಅಂದರೆ ಒಂದು ಮೋಲಿನ ತೂಕ, ಸುಮಾರು 250 ಗ್ರಾಂ. ಲೀಟರಿಗೆ 10 ಗ್ರಾಂ ಎಂದರೆ 10/250, ಅಂದರೆ 0.04 ಮೋಲಾರ್. ಇದರಲ್ಲಿ ಹೊಸ ಗಣಿತವೇನೂ ಇಲ್ಲ. ಆದರೆ 10ನ್ನು 250ರಿಂದ ಭಾಗಿಸಬೇಕೋ, 250ನ್ನು 10ರಿಂದಲೋ ಎಂದು ತಡಕಾಡುವ ಮಗು, ತನಗೆ ಕೆಮಿಸ್ಟ್ರಿ ತಲೆಗೆ ಹತ್ತುವುದಿಲ್ಲ ಎಂದುಕೊಂಡುಬಿಡುತ್ತದೆ. ನನಗೆ ಅತಿ ಹೆಚ್ಚು ಸಂಕಟವಾಗುವುದು ಅಲ್ಲಿ.

ಹಾಗೆಂದು ಅಂಕವನ್ನು ಜಾತಕದಂತೆ ಓದಬಾರದು. ಎರಡು ಪರೀಕ್ಷೆಗಳ ಅಂಕಗಳ ನಡುವಿನ ಸಹಸಂಬಂಧ (ಎರಡೂ ಎಷ್ಟು ಜೊತೆಜೊತೆಗೆ ಏರಿಳಿಯುತ್ತವೆ ಎಂಬ ಅಳತೆ; ಪೂರ್ತಿ ಹೊಂದಿದರೆ 1) 0.5 ಇದ್ದರೆ ಅದನ್ನು ಸಾಕಷ್ಟು ಬಲವಾದದ್ದು ಎನ್ನುತ್ತೇವೆ. ಆದರೂ ಮಕ್ಕಳ ನಡುವಿನ ವ್ಯತ್ಯಾಸದಲ್ಲಿ ಅದು ವಿವರಿಸುವುದು 0.5ರ ವರ್ಗವಾದ 0.25ನ್ನು, ಅಂದರೆ ಕಾಲು ಭಾಗವನ್ನಷ್ಟೇ. ಮುಕ್ಕಾಲು ಭಾಗ ಬೇರೆ ಕಾರಣಗಳದ್ದು. ಸೂಚಕ ಎಂದರೆ ಕಾರಣ ಎಂದೂ ಅಲ್ಲ. ಗಣಿತದಲ್ಲಿ ಮುಂದಿರುವ ಮಗುವಿಗೆ ಮನೆಯಲ್ಲಿ ಓದಿಸುವವರು, ತಪ್ಪದೆ ಶಾಲೆಗೆ ಹೋಗುವ ಅನುಕೂಲ ಇದ್ದಿರಬಹುದು. ವಿಜ್ಞಾನಕ್ಕೂ ಅದೇ ನೆರವಾಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಇದನ್ನು ಮರೆಯಲೇಬಾರದು. ಅಪ್ಪ ಅಮ್ಮ ಕೆಲಸಕ್ಕಾಗಿ ತೋಟದಿಂದ ತೋಟಕ್ಕೆ ಹೋದರೆ ಲೈನ್‌ಮನೆಯ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯ, ಮಗುವಿನ ಶಾಲೆಯೂ ಬದಲಾಗುತ್ತದೆ, ನಡುವೆ ಪಾಠ ತಪ್ಪುತ್ತದೆ. ಭಿನ್ನರಾಶಿಯ ಪಾಠದ ವಾರಗಳೇ ತಪ್ಪಿದ್ದರೆ ಆ ಕಡಿಮೆ ಅಂಕ ತೋರಿಸುವುದು ಹಾಜರಿಯನ್ನು, ಬುದ್ಧಿಯನ್ನಲ್ಲ. ಅಂಥ ಮಗುವಿಗೆ ‘ನಿನಗೆ ಸೈನ್ಸ್ ಬೇಡ’ ಎನ್ನುವುದು ಅನ್ಯಾಯ.

ಆದ್ದರಿಂದ ಪ್ರಾಥಮಿಕ ಶಾಲೆಯ ಶಿಕ್ಷಕರಲ್ಲಿ, ಪೋಷಕರಲ್ಲಿ ನನ್ನ ಕೋರಿಕೆ: ಒಟ್ಟು ಅಂಕ ಬದಿಗಿಟ್ಟು ಉತ್ತರ ಪತ್ರಿಕೆ ಬಿಡಿಸಿ ನೋಡಿ. 6ನ್ನು ಅರ್ಧದಿಂದ ಭಾಗಿಸಿದರೆ 12 ಬರಬೇಕಾದಲ್ಲಿ 3 ಎಂದು ಬರೆದಿದೆಯೇ? 3/4 ದೊಡ್ಡದೋ 5/8 ದೊಡ್ಡದೋ ಎಂದರೆ, 5 ಮತ್ತು 8 ದೊಡ್ಡ ಸಂಖ್ಯೆಗಳೆಂದು 5/8ನ್ನೇ ಆರಿಸಿದೆಯೇ? ಹಾಗಿದ್ದರೆ ಮುಂದಿನ ಪಾಠಕ್ಕೆ ಹೋಗುವ ಮೊದಲು ಚಪಾತಿ ಹರಿದೋ, ಅಳತೆ ಪಟ್ಟಿ ಹಿಡಿದೋ ಅದನ್ನೇ ಮತ್ತೆ ಮಾಡಿಸಿ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೂ ಕಾಲ ಮಿಂಚಿಲ್ಲ. ಪಿಯು ತರಗತಿ ಶುರುವಾಗುವ ಮುನ್ನ ಸಿಗುವ ವಾರಗಳಲ್ಲಿ ದುಬಾರಿ ಸಿಇಟಿ ಪುಸ್ತಕಗಳಿಗಿಂತ ಮೊದಲು ಆರು, ಏಳನೇ ತರಗತಿಯ ಗಣಿತ ಪುಸ್ತಕದಿಂದ ಭಿನ್ನರಾಶಿ, ದಶಮಾಂಶ, ಅನುಪಾತದ ಲೆಕ್ಕಗಳನ್ನು ಬಿಡಿಸಲಿ.