ನೀರಿಗೆ ಬಾಗಿಲು ತೆರೆದ ಮನೆ

ಇಟಲಿಯ ವೆನಿಸ್‌ನ ಸಾನ್ ಮಾರ್ಕುವೋಲಾ ದೋಣಿ ನಿಲ್ದಾಣದ ಹತ್ತಿರ ಒಂದು ದೊಡ್ಡ ಕಲ್ಲಿನ ಮನೆ ಇದೆ. ಮುಂಬಾಗಿಲಿಗೆ ಅಂಗಳವಿಲ್ಲ, ಕಾಂಪೌಂಡ್ ಇಲ್ಲ. ಹೊಸ್ತಿಲು ದಾಟಿದರೆ ಊರಿನ ದೊಡ್ಡ ಕಾಲುವೆ ಗ್ರ್ಯಾಂಡ್ ಕೆನಾಲ್‌ನ ನೀರು. ಹೆಸರು ಕಾ ವೆಂದ್ರಮಿನ್ ಕಲೆರ್ಜಿ. ‘ಕಾ’ ಅಂದರೆ ಅಲ್ಲಿಯವರ ಮಾತಿನಲ್ಲಿ ಮನೆ ಅಂತ. ಎಷ್ಟೇ ದೊಡ್ಡ ಅರಮನೆ ಕಟ್ಟಿದರೂ ಅವರು ಅದನ್ನು ಮನೆ ಅಂತಲೇ ಕರೆದರು.

ಇದನ್ನು ಕಟ್ಟಿಸಿದವನು ಆಂದ್ರೆಯಾ ಲೊರೆದಾನ್, ವಿನ್ಯಾಸ ಮೌರೋ ಕೊದುಸ್ಸಿಯದು. 1481ರಲ್ಲಿ ಕೆಲಸ ಶುರುವಾಯಿತು. 1504ರಲ್ಲಿ ಕೊದುಸ್ಸಿ ತೀರಿಕೊಂಡ. ಲೊಂಬಾರ್ದೋ ಮನೆತನದ ಶಿಲ್ಪಿಗಳು 1509ರಲ್ಲಿ ಕೆಲಸ ಮುಗಿಸಿದರು.

ಅದೇ ಕಾಲದ ಫ್ಲಾರೆನ್ಸ್ ಅರಮನೆಗಳನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿ ಕೆಳಗಡೆ ಒರಟು ಕಲ್ಲು, ಸಣ್ಣ ಕಿಟಕಿ, ಸುಮಾರು ಕೋಟೆಯ ಹಾಗೆ. ವೆನಿಸ್‌ಗೆ ಸುತ್ತಲಿನ ಹಿನ್ನೀರೇ ಕೋಟೆ. ಹಾಗಾಗಿ ಮನೆಗಳು ಕಾಲುವೆಗೆ ಧೈರ್ಯವಾಗಿ ತೆರೆದುಕೊಂಡವು. ಇವು ವ್ಯಾಪಾರಿಗಳ ಮನೆಗಳೂ ಹೌದು. ಸರಕು ದೋಣಿಯಿಂದ ಸೀದಾ ಕೆಳಗಿನ ಉಗ್ರಾಣಕ್ಕೆ ಹೋಗುತ್ತಿತ್ತು. ಮನೆಯವರ ವಾಸ ಮೇಲೆ. ಮುಂದಿನಿಂದ ಹಿಂದಿನವರೆಗೂ ಚಾಚಿದ ಉದ್ದನೆಯ ನಡುಮನೆ, ಎರಡೂ ಪಕ್ಕ ಕೋಣೆಗಳು.

ಈ ಹಳೇ ನಕ್ಷೆಯನ್ನು ಕೊದುಸ್ಸಿ ಕೆಡಿಸಲಿಲ್ಲ. ಅವನು ಬದಲಿಸಿದ್ದು ಮುಖವನ್ನು. ಅಲ್ಲಿಯವರೆಗೆ ರೂಢಿಯಲ್ಲಿದ್ದ ಚೂಪು ಗಾಥಿಕ್ ಕಮಾನುಗಳ ಜಾಗಕ್ಕೆ ರೋಮನ್ನರ ಅರೆವೃತ್ತದ ಕಮಾನು ಬಂತು. ಒಂದು ಕಿಟಕಿಯನ್ನೇ ಗಮನವಿಟ್ಟು ನೋಡಿ. ನಡುವೆ ತೆಳ್ಳನೆಯ ಕಂಬ, ಅದರ ಎರಡು ಕಡೆ ಎರಡು ಕಮಾನು, ಅವುಗಳ ನೆತ್ತಿಯ ಮೇಲೆ ಒಂದು ದುಂಡು ಕಂಡಿ, ಇಷ್ಟನ್ನೂ ಒಳಗಿಟ್ಟುಕೊಂಡ ಇನ್ನೊಂದು ದೊಡ್ಡ ಕಮಾನು. ಇಂಥ ಕಿಟಕಿಗಳು ನಡುವೆ ಮೂರು, ಅಂಚಿಗೆ ಒಂದೊಂದು. ನಡುವಿನ ಮೂರರ ಹಿಂದೆ ಇರುವುದೇ ಆ ನಡುಮನೆ. ಹೊರಗಿನ ಕಿಟಕಿ ನೋಡಿಯೇ ಒಳಗಿನ ಮನೆ ಹೇಗಿದೆ ಅಂತ ಹೇಳಬಹುದು. ನನಗೆ ಈ ಮನೆ ತುಂಬಾ ಇಷ್ಟವಾಗುವುದು ಈ ಪ್ರಾಮಾಣಿಕತೆಗೆ.

ನೀರಿನ ಹತ್ತಿರ, ಗೋಡೆಯ ಮೇಲೆ ಲ್ಯಾಟಿನ್ ಅಕ್ಷರಗಳು: ‘ನೋನ್ ನೋಬಿಸ್ ದೋಮಿನೆ’. ಬೈಬಲ್ಲಿನ ಕೀರ್ತನೆಯ ಸಾಲು ಅದು. ಕೀರ್ತಿ ನಮಗಲ್ಲ, ದೇವರೇ, ನಿನಗೆ ಅನ್ನುವ ಪ್ರಾರ್ಥನೆ.

ಮನೆ ಮಾತ್ರ ಒಬ್ಬರ ಕೈಯಲ್ಲಿ ನಿಲ್ಲಲಿಲ್ಲ. 1581ರಲ್ಲಿ ಲೊರೆದಾನ್ ಮನೆತನ ಮಾರಿತು. 1589ರಲ್ಲಿ ಕ್ರೀಟ್ ದ್ವೀಪದ ಮೂಲದ ಕಲೆರ್ಜಿಗಳು ಕೊಂಡರು. ಅವರ ನಂತರ ಗ್ರಿಮಾನಿಗಳು, 1739ರಲ್ಲಿ ವೆಂದ್ರಮಿನ್‌ಗಳು. ನಡುವೆ 1658ರಲ್ಲಿ ಗ್ರಿಮಾನಿ ಸೋದರರು ಒಂದು ಕೊಲೆ ಮಾಡಿಸಿದರು. ಅದಕ್ಕೆ ಶಿಕ್ಷೆಯಾಗಿ ಸರ್ಕಾರ ಮನೆಯ ಒಂದು ಪಕ್ಕವನ್ನೇ ಕೆಡವಿಸಿತು. ಎರಡೇ ವರ್ಷಕ್ಕೆ ಅದು ಮತ್ತೆ ಎದ್ದಿತು! ಜರ್ಮನಿಯ ಸಂಗೀತಗಾರ ರಿಚರ್ಡ್ ವ್ಯಾಗ್ನರ್ ಇಲ್ಲಿ ಬಾಡಿಗೆಗಿದ್ದು, 1883ರ ಫೆಬ್ರವರಿ 13ರಂದು ಇಲ್ಲೇ ಕೊನೆಯುಸಿರೆಳೆದ. 1946ರಲ್ಲಿ ನಗರಸಭೆ ಮನೆಯನ್ನು ಕೊಂಡಿತು. ಈಗ ಇದು ಕ್ಯಾಸಿನೊ, ವ್ಯಾಗ್ನರ್ ನೆನಪಿನ ಮ್ಯೂಸಿಯಂ ಕೂಡ ಇಲ್ಲೇ ಇದೆ.

ಇಷ್ಟು ಭಾರ ಕೆಸರಿನ ಮೇಲೆ ನಿಂತಿದ್ದು ಹೇಗೆ? ವೆನಿಸ್‌ನಲ್ಲಿ ಪಾಯ ಹಾಕುವ ಪದ್ಧತಿಯೇ ಬೇರೆ. ಮೊದಲು ಮರದ ಗೂಟಗಳನ್ನು ಒತ್ತೊತ್ತಾಗಿ ಜೇಡಿಗೆ ಹೊಡೆಯುತ್ತಿದ್ದರು. ಕೆಸರಿನೊಳಗೆ ಗಾಳಿ ಹೋಗದ ಕಾರಣ ಮರ ಬೇಗ ಕೊಳೆಯುವುದಿಲ್ಲ. ಗೂಟದ ಮೇಲೆ ಹಲಗೆ, ಹಲಗೆಯ ಮೇಲೆ ಸಮುದ್ರದಾಚೆಯ ಇಸ್ಟ್ರಿಯಾ ಪ್ರದೇಶದ ಬಿಳಿ ಕಲ್ಲು. ಈ ಕಲ್ಲು ನೀರು ಹೀರುವುದು ಬಹಳ ಕಡಿಮೆ. ಅದರ ಮೇಲಷ್ಟೇ ಇಟ್ಟಿಗೆ ಗೋಡೆ.

ಆದರೆ ಹಳೇ ಮೇಸ್ತ್ರಿಗಳು ಕಲ್ಲಿನ ಎತ್ತರ ಲೆಕ್ಕ ಹಾಕಿದ್ದು ಅವರ ಕಾಲದ ನೀರಿಗೆ. 1897ರಿಂದ ಈಚೆಗೇ ನೀರಿನ ಮಟ್ಟ ಸುಮಾರು 30 ಸೆಂ.ಮೀ. ಏರಿದೆ. ನೆಲ ಕುಸಿದಿದೆ, ಸಮುದ್ರವೂ ಏರಿದೆ. ಉಪ್ಪುನೀರು ಕಲ್ಲು ದಾಟಿ ಇಟ್ಟಿಗೆ ಮುಟ್ಟಿದರೆ ಒಳಗೊಳಗೇ ಮೇಲಕ್ಕೆ ಹತ್ತುತ್ತದೆ. ಒಣಗಿದಾಗ ಉಪ್ಪು ಹರಳುಗಟ್ಟಿ ಇಟ್ಟಿಗೆ ಪುಡಿಯಾಗುತ್ತದೆ, ಗಾರೆ ಉದುರುತ್ತದೆ. 1966ರ ಉಬ್ಬರದಲ್ಲಿ ನೀರು ಆ 1897ರ ಮಟ್ಟಕ್ಕಿಂತ 194 ಸೆಂ.ಮೀ. ಮೇಲೆ ಬಂದಿತ್ತು, 2019ರಲ್ಲಿ 187.

2020ರ ಅಕ್ಟೋಬರ್ 3ರಂದು ಸಮುದ್ರದ ಬಾಯಿಗೆ ಕಟ್ಟಿದ ಮೋಸೆ ಗೇಟುಗಳು ಮೊದಲ ಬಾರಿ ನಿಜವಾದ ಉಬ್ಬರವನ್ನು ತಡೆದವು. ಊರಿಗೆ ಊರೇ ನಿಟ್ಟುಸಿರು ಬಿಟ್ಟಿರಬೇಕು ಅಲ್ವಾ? ಆದರೆ ಗೇಟು ಏರುವುದು ದೊಡ್ಡ ಉಬ್ಬರಕ್ಕೆ ಮಾತ್ರ. ಅದಕ್ಕಿಂತ ಕೆಳಗಿನ ನೀರು, ಮೋಟಾರು ದೋಣಿಗಳು ಎಬ್ಬಿಸುವ ಅಲೆ, ಇವು ದಿನವೂ ಕಾಲುವೆಯ ಮನೆಗಳ ಬುಡಕ್ಕೆ ಬಡಿಯುತ್ತಲೇ ಇವೆ.